ಎರಡೂ ಕಡೆ ಸೋಡಚೀಟಿ

"ಅಣ್ಣಾ, ಫೋನ್ ಟೇಪಿಗೆ ಹತ್ತವಲ್ದು ನೋಡ್ರಿ."

ಕ್ಯಾಸೆಟ್ ಕಾಣೆಯಾಗಿ ಎಷ್ಟೋ ವರ್ಷವಾದರೂ ನಮ್ಮ ಕಡೆ ಗಾಡಿಯಲ್ಲಿ ಹಾಡುವುದೆಲ್ಲ ಟೇಪೇ. ಹಾಗಾಗಿ ಅದನ್ನು ಕೂಡಿಸುವವನು ಇವತ್ತಿಗೂ ಟೇಪ್ ಹಚ್ಚೋ ಮಿಸ್ತ್ರಿ. ಯಡ್ರಾಮಿಯಂಥ ಊರಿನಲ್ಲಿ ಬ್ಯಾಟರಿ, ಹಾರ್ನ್, ಸೆಲ್ಫ್ ಮೋಟಾರ್ ನೋಡುವವನೂ ಅವನೇ, ಟ್ರ್ಯಾಕ್ಟರಿಗೆ ಎದೆ ನಡುಗಿಸುವ ಸ್ಪೀಕರ್ ಡಬ್ಬಿ ಕೂಡಿಸುವವನೂ ಅವನೇ. ಮೆಮೊರಿ ಕಾರ್ಡಿಗೆ ದುಡ್ಡು ಕೊಟ್ಟು ಜಾನಪದ ಹಾಡು ತುಂಬಿಸಿಕೊಳ್ಳುತ್ತಿದ್ದ ಕಾಲ ಮುಗಿದ ಮೇಲೆ ಅವನ ಪಾಲಿಗೆ ಹೊಸ ಕೆಲಸವೊಂದು ಬಂದಿದೆ: ಮುನಿಸಿಕೊಂಡ ಫೋನನ್ನೂ ಗಾಡಿಯನ್ನೂ ಮತ್ತೆ ಮಾತಾಡಿಸುವುದು.

ಈ ಮಾತುಕತೆ ನಡೆಯುವುದು ಬ್ಲೂಟೂತಿನಲ್ಲಿ; ಆ ಹೆಸರು ಬಂದದ್ದೂ ಕೂಡಿಸಿದವನಿಂದಲೇ. ಡೆನ್ಮಾರ್ಕ್, ನಾರ್ವೆಗಳನ್ನು ಒಂದು ಆಳ್ವಿಕೆಗೆ ತಂದ ಹತ್ತನೇ ಶತಮಾನದ ಹೆರಾಲ್ಡ್ ದೊರೆಯ ಅಡ್ಡಹೆಸರು ಅದು. ಸೂಚಿಸಿದವರು ಇಂಟೆಲ್ ಕಂಪನಿಯ ಜಿಮ್ ಕಾರ್ಡಾಕ್. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಹುಟ್ಟಿದ ತಂತ್ರಜ್ಞಾನಕ್ಕೆ 1998ರಲ್ಲಿ ಐದು ಕಂಪನಿಗಳು ಸೇರಿ ಒಂದು ಕೂಟ ಕಟ್ಟಿದವು. ಬೆಂಗಳೂರಿನ ಮೈಂಡ್‌ಟ್ರೀ ಕಂಪನಿ ಕೂಡ ಎಥರ್‌ಮೈಂಡ್ ಎಂಬ ಹೆಸರಿನ ಬ್ಲೂಟೂತ್ ತಂತ್ರಾಂಶ ಮಾಡಿತು. ಮಿಸ್ತ್ರಿಗೆ ಈ ವಂಶಾವಳಿ ಬೇಕಿಲ್ಲ. ಅವನಿಗೆ ಬೇಕಾದದ್ದು ಒಂದೇ ಗುಟ್ಟು: ನೆನಪು ಎರಡೂ ಕಡೆ ಇರುತ್ತದೆ.

ಮೊದಲ ಸಲ ಪೇರ್ ಮಾಡಿದಾಗ ಫೋನೂ ಟೇಪೂ ಒಂದು ಗುಪ್ತ ಕೀಲಿಯನ್ನು ಒಪ್ಪಿಕೊಂಡು ತಮ್ಮ ತಮ್ಮಲ್ಲಿ ಇಟ್ಟುಕೊಳ್ಳುತ್ತವೆ. ಫೋನ್ ರೀಸೆಟ್ ಆಗಿ ತನ್ನ ಕೀಲಿ ಕಳೆದುಕೊಂಡರೆ ಟೇಪಿನ ಬಳಿ ಹಳೆಯದು ಹಾಗೇ ಉಳಿಯುತ್ತದೆ. ಆಗ ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ಒತ್ತಿದರೆ ಒಲ್ಲೆ ಎನ್ನುತ್ತದೆ. ಮಂದಿ ಫೋನಿನಲ್ಲಿ ಮಾತ್ರ ಅಳಿಸಿ, ಹತ್ತು ಸಲ ಪ್ರಯತ್ನಿಸಿ, ಟೇಪೇ ಕೆಟ್ಟಿತೆಂದು ಅಂಗಡಿಗೆ ಬರುತ್ತಾರೆ. ಸೋಡಚೀಟಿ ಎರಡೂ ಕಡೆ ಆಗಬೇಕು, ಆಮೇಲೆಯೇ ಹೊಸ ಲಗ್ನ. ಫೋನಿನಲ್ಲೂ ಟೇಪಿನಲ್ಲೂ ಹೆಸರು ತೆಗೆದು, ಎರಡನ್ನೂ ಒಮ್ಮೆ ಬಂದ್ ಮಾಡಿ, ಮತ್ತೆ ಪೇರ್ ಮಾಡಿದರೆ ಇಂಥ ಜಗಳ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ.

ಕ್ರೂಸರ್ ಗಾಡಿಗಳದು ಬೇರೆ ಕಥೆ. ಗಾಣಗಾಪುರಕ್ಕೋ ಘತ್ತರಗಿಗೋ ಹೊರಟ ಗಾಡಿಯಲ್ಲಿ ಪ್ರತಿ ಟ್ರಿಪ್ಪಿಗೂ ಒಬ್ಬೊಬ್ಬರು ತಮ್ಮ ಫೋನ್ ಹಚ್ಚುತ್ತಾರೆ. ಟೇಪ್ ನೆನಪಿಡುವುದು ಇಂತಿಷ್ಟೇ ಫೋನು. ಪಟ್ಟಿ ತುಂಬಿದರೆ ಕೆಲವು ಸೆಟ್ ಹಳಬರನ್ನು ತಾವೇ ಬಿಡುತ್ತವೆ, ಕೆಲವು ಹೊಸಬರಿಗೆ ಬಾಗಿಲನ್ನೇ ತೆರೆಯುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತವರ ಕಿಸೆಯ ಫೋನ್ ತಾನಾಗಿಯೇ ಮೊದಲು ಸೇರಿಕೊಂಡು ಡ್ರೈವರನ ಫೋನನ್ನು ಹೊರಗಿಡುವುದೂ ಉಂಟು. "ಬಾಜೂದವರ ಬ್ಲೂಟೂತ್ ಬಂದ್ ಮಾಡಸ್ರಿ" ಎಂಬುದು ಬಿಟ್ಟಿ ರಿಪೇರಿ.

ಕರೆ ಬರುತ್ತದೆ, ಹಾಡು ಬರುವುದಿಲ್ಲ ಎಂಬುದು ಇನ್ನೊಂದು ದೂರು. ಕರೆಗೂ ಹಾಡಿಗೂ ಒಳಗೆ ಬೇರೆ ಬೇರೆ ದಾರಿಗಳಿವೆ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಟೇಪಿನ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿದರೆ ಎರಡಕ್ಕೂ ಪ್ರತ್ಯೇಕ ಸ್ವಿಚ್ ಕಾಣುತ್ತದೆ; ಹಾಡಿನದು ಬಂದ್ ಆಗಿರಬಹುದು. ಟೇಪ್ ಎಫ್‌ಎಂನಲ್ಲೋ ಪೆನ್‌ಡ್ರೈವಿನಲ್ಲೋ ನಿಂತಿದ್ದರೂ ಫೋನ್ ಮೂಕವೇ.

ನಿಜವಾದ ಕೈಚಳಕ ಇರುವುದು ವೈರಿನಲ್ಲಿ. ಹೊರಗಿನಿಂದ ಕೂಡಿಸುವ ಟೇಪುಗಳಲ್ಲಿ ಸಾಮಾನ್ಯವಾಗಿ ಹಳದಿ ವೈರಿಗೆ ಬ್ಯಾಟರಿಯಿಂದ ಸದಾ ಕರೆಂಟು ಇರಬೇಕು, ಕೆಂಪಿಗೆ ಚಾವಿ ತಿರುಗಿಸಿದಾಗ ಮಾತ್ರ, ಕಪ್ಪು ಗಾಡಿಯ ಲೋಹದ ಬಾಡಿಗೆ. ಅವಸರದ ಹುಡುಗರು ಹಳದಿ, ಕೆಂಪು ಎರಡನ್ನೂ ಚಾವಿಯ ವೈರಿಗೇ ಸುತ್ತಿಬಿಡುತ್ತಾರೆ. ಹಾಡು ಬರುತ್ತದೆ, ಗಿರಾಕಿ ಖುಷಿಯಿಂದ ಹೋಗುತ್ತಾನೆ. ಆದರೆ ಚಾವಿ ತೆಗೆದಾಗಲೆಲ್ಲ ಟೇಪ್ ಗಡಿಯಾರ, ರೇಡಿಯೊ ಸ್ಟೇಷನ್ ಮರೆಯುತ್ತದೆ. ಅಗ್ಗದ ಕೆಲವು ಸೆಟ್ಟುಗಳು ಫೋನಿನ ಗುರುತನ್ನೂ ಮರೆಯುತ್ತವೆ. ನನ್ನ ಗಾಡಿಯೂ ಹೀಗೇ ದಿನಾ ಬೆಳಿಗ್ಗೆ ನನ್ನ ಫೋನನ್ನು ಅಪರಿಚಿತನಂತೆ ನೋಡುತ್ತಿತ್ತು. ನಾನು ಫೋನನ್ನೇ ಬೈದುಕೊಂಡಿದ್ದೆ. ಹಳೆಯ ಮಿಸ್ತ್ರಿ ಮೊದಲು ಕೇಳಿದ್ದು ಫೋನನ್ನಲ್ಲ, "ಟೈಮ್ ಸರಿ ತೋರಸ್ತದೇನ್ರಿ?" ಎಂದು. ಡಾಕ್ಟರು ನಾಲಗೆ ನೋಡಿದ ಹಾಗೆ. ಟೈಮ್ ಹನ್ನೆರಡಕ್ಕೇ ನಿಂತಿತ್ತು.

ಡ್ರೈವಿಂಗ್ ಮಾಡುತ್ತ ಫೋನ್ ಕೈಯಲ್ಲಿ ಹಿಡಿದು ಬಳಸುವುದನ್ನು 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಪೇರ್ ಮಾಡುವ ಸರ್ಕಸ್ಸಿಗೂ ಇದು ಅನ್ವಯಿಸುತ್ತದೆ. ಜೇವರ್ಗಿ ರಸ್ತೆಯಲ್ಲಿ ಮಾಡಬೇಡಿ, ಗಾಡಿ ನಿಲ್ಲಿಸಿ ಮಾಡಿ.

ಇನ್ನು ಗಾಡಿ ಮಾರುವವರಿಗೆ ಒಂದು ಮಾತು. ಎಷ್ಟೋ ಸೆಟ್ಟುಗಳು ಫೋನಿನಲ್ಲಿರುವ ಹೆಸರು, ನಂಬರುಗಳನ್ನೂ ಎಳೆದುಕೊಂಡು ಇಟ್ಟುಕೊಂಡಿರುತ್ತವೆ. ಚಾವಿ ಕೊಡುವ ಮುಂಚೆ ಟೇಪಿನ ಪಟ್ಟಿಯಿಂದ ನಿಮ್ಮ ಫೋನನ್ನು ಅಳಿಸಿ. ಬರದಿದ್ದರೆ ಮಿಸ್ತ್ರಿಗೆ ಹೇಳಿ. ಐದು ನಿಮಿಷದ ಕೆಲಸ.