ಸಾರಿಗೆ ಅರ್ಥಶಾಸ್ತ್ರಜ್ಞರ ಉಲ್ಲೇಖಗಳು: ಎಣಿಸುವುದು ಹೇಗೆ, ನಂಬುವುದು ಎಷ್ಟು?

ನಿಮ್ಮ ಮಗಳು ಸಾರಿಗೆ ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು ಮಾರ್ಗದರ್ಶಕರನ್ನು ಹುಡುಕುತ್ತಿದ್ದಾಳೆ ಎಂದುಕೊಳ್ಳಿ. ಒಬ್ಬ ಪ್ರಾಧ್ಯಾಪಕರ ಹೆಸರಿನ ಕೆಳಗೆ ‘ಸೈಟೇಶನ್ 3,200, ಎಚ್-ಇಂಡೆಕ್ಸ್ 24’ ಎಂದಿದೆ. ಇದು ಹೆಚ್ಚೋ, ಕಡಿಮೆಯೋ? ಇದನ್ನು ನಂಬಿ ಸೇರಬಹುದೋ?

ಮೊದಲು ಸೈಟೇಶನ್ ಎಂದರೇನು ನೋಡೋಣ. ಒಬ್ಬರ ಪ್ರಬಂಧವನ್ನು ಇನ್ನೊಬ್ಬ ಸಂಶೋಧಕರು ತಮ್ಮ ಪ್ರಬಂಧದ ಆಕರಪಟ್ಟಿಯಲ್ಲಿ ಹೆಸರಿಸಿದರೆ ಅದು ಒಂದು ಸೈಟೇಶನ್, ಅಂದರೆ ಉಲ್ಲೇಖ. ಹೊಗಳಿ ಹೆಸರಿಸಿದರೂ ಒಂದು, ತಪ್ಪು ತೋರಿಸಲು ಹೆಸರಿಸಿದರೂ ಒಂದು. ಇದನ್ನು ದೊಡ್ಡ ಪ್ರಮಾಣದಲ್ಲಿ ಎಣಿಸುವ ಯೋಚನೆಯನ್ನು 1955ರಲ್ಲಿ ಮುಂದಿಟ್ಟವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1964ರಲ್ಲಿ ಅವರ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಹೊರಬಂತು.

ಎಚ್-ಇಂಡೆಕ್ಸ್ ಬಂದದ್ದು 2005ರಲ್ಲಿ, ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಅವರಿಂದ. ಲೆಕ್ಕ ಸುಲಭ. ಒಬ್ಬರ ಐದು ಪ್ರಬಂಧಗಳಿಗೆ ಕ್ರಮವಾಗಿ 40, 12, 5, 4, 1 ಉಲ್ಲೇಖಗಳಿವೆ ಎನ್ನಿ. ಕನಿಷ್ಠ 4 ಉಲ್ಲೇಖ ಪಡೆದ ಪ್ರಬಂಧಗಳು ನಾಲ್ಕು ಇವೆ, ಕನಿಷ್ಠ 5 ಪಡೆದವು ಐದು ಇಲ್ಲ. ಹಾಗಾಗಿ ಎಚ್-ಇಂಡೆಕ್ಸ್ 4. ಈಗ ಮೊದಲ ಪ್ರಬಂಧದ 40 ಉಲ್ಲೇಖ 4,000 ಆಯಿತು ಎನ್ನಿ. ಎಚ್-ಇಂಡೆಕ್ಸ್ ಆಗಲೂ 4 ಮಾತ್ರ! ಒಂದೇ ಮಹತ್ವದ ಕೆಲಸ ಮಾಡಿದವರನ್ನು ಈ ಅಂಕಿ ಗುರುತಿಸುವುದಿಲ್ಲ. ಸಾರಿಗೆ ಅರ್ಥಶಾಸ್ತ್ರದಲ್ಲಿ ಇದು ಸಣ್ಣ ಕೊರತೆಯಲ್ಲ. ಇಬ್ಬರ ಕೆಲಸ ನೋಡಿದರೆ ತಿಳಿಯುತ್ತದೆ.

ಮೊದಲನೆಯವರು ಡೇನಿಯಲ್ ಮೆಕ್‌ಫ್ಯಾಡನ್. ಜನ ಕಾರು, ಬಸ್ಸು, ರೈಲುಗಳಲ್ಲಿ ಯಾವುದನ್ನು ಆರಿಸುತ್ತಾರೆ ಎಂಬುದು ಅವರ ಪ್ರಶ್ನೆ. ಪ್ರಯಾಣದ ಖರ್ಚು, ಸಮಯ, ಕಾಯುವಿಕೆ ನಮಗೆ ಗೊತ್ತಾಗುತ್ತವೆ. ಮನಸ್ಸಿನೊಳಗಿನ ಉಳಿದ ಕಾರಣಗಳು ಗೊತ್ತಾಗುವುದಿಲ್ಲ. ಆದ್ದರಿಂದ ‘ಇವರು ರೈಲನ್ನೇ ಹಿಡಿಯುತ್ತಾರೆ’ ಎನ್ನುವ ಬದಲು ‘ಹಿಡಿಯುವ ಸಂಭವ ಇಷ್ಟು’ ಎಂದು ಅವರು ಲೆಕ್ಕ ಹಾಕಿದರು. ಇದಕ್ಕೆ ಕಂಡಿಷನಲ್ ಲಾಜಿಟ್ ಎನ್ನುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬಾರ್ಟ್ ರೈಲು 1972ರಲ್ಲಿ ಆರಂಭವಾಯಿತು. ಕೆಲಸಕ್ಕೆ ಹೋಗುವವರಲ್ಲಿ ಶೇ. 15ರಷ್ಟು ಜನ ಅದನ್ನು ಬಳಸುತ್ತಾರೆ ಎಂಬುದು ಅಧಿಕೃತ ಅಂದಾಜು. ಮೆಕ್‌ಫ್ಯಾಡನ್ ತಂಡದ ಲೆಕ್ಕ ಶೇ. 6.3. ನಿಜಕ್ಕೂ ಬಳಸಿದವರು ಶೇ. 6.2.

2000ದ ಅರ್ಥಶಾಸ್ತ್ರ ನೊಬೆಲ್ ಪುರಸ್ಕಾರದಲ್ಲಿ ಅವರಿಗೆ ಪಾಲು ಸಿಕ್ಕಿತು. ಈ ವಿಧಾನದ ಬಗ್ಗೆ 1974ರಲ್ಲಿ ಪ್ರಕಟವಾದ ಬರಹಕ್ಕೆ, ಪ್ರಬಂಧ ಹುಡುಕುವ ತಾಣವಾದ ಗೂಗಲ್ ಸ್ಕಾಲರ್‌ನಲ್ಲಿ 20,000ಕ್ಕೂ ಹೆಚ್ಚು ಉಲ್ಲೇಖಗಳಿವೆ. ಆದರೆ ಅದು ಯಾವುದೇ ಜರ್ನಲ್‌ನಲ್ಲಿ ಬಂದದ್ದಲ್ಲ. ಸಂಪಾದಿತ ಗ್ರಂಥವೊಂದರ ಅಧ್ಯಾಯ ಅದು. ಜರ್ನಲ್ ಪ್ರಬಂಧಗಳನ್ನಷ್ಟೇ ಎಣಿಸುವ ಪಟ್ಟಿಯಲ್ಲಿ ಅದು ಕಾಣಿಸುವುದೇ ಇಲ್ಲ.

ಎರಡನೆಯವರು ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ವಿಕ್ರಿ. 1969ರಲ್ಲಿ ಅವರು ಬಾಟಲ್‌ನೆಕ್, ಅಂದರೆ ರಸ್ತೆ ಕಿರಿದಾಗಿ ವಾಹನಗಳು ಸಾಲುಗಟ್ಟುವ ಜಾಗದ ಬಗ್ಗೆ ಹತ್ತು ಪುಟಗಳ ಪ್ರಬಂಧ ಬರೆದರು. ಎಲ್ಲರೂ ಒಂದೇ ಹೊತ್ತಿಗೆ ಕಚೇರಿ ತಲುಪಬೇಕೆಂದು ಹೊರಟರೆ ಸಾಲು ಬೆಳೆಯುತ್ತದೆ. ಹೊತ್ತಿಗೆ ತಕ್ಕಂತೆ ಏರಿಳಿಯುವ ಶುಲ್ಕ ಹಾಕಿದರೆ ಜನ ಹೊರಡುವ ಸಮಯ ಬದಲಿಸುತ್ತಾರೆ, ಸಾಲು ಕರಗುತ್ತದೆ. ಆದರೆ ಈ ಪ್ರಬಂಧಕ್ಕೆ ಮನ್ನಣೆ ತಡವಾಗಿ ಬಂತು. ರಿಚರ್ಡ್ ಆರ್ನಟ್, ಆಂದ್ರೆ ದೆ ಪಾಲ್ಮಾ, ರಾಬಿನ್ ಲಿಂಡ್ಸಿ 1990ರ ದಶಕದಲ್ಲಿ ಅದನ್ನು ಬೆಳೆಸಿದ ಮೇಲೆ ಉಲ್ಲೇಖಗಳು ಹೆಚ್ಚಿದವು. ವಿಕ್ರಿ 1996ರಲ್ಲಿ, ಬೇರೊಂದು ಕೆಲಸಕ್ಕಾಗಿ ನೊಬೆಲ್ ಘೋಷಣೆಯಾದ ಮೂರೇ ದಿನಕ್ಕೆ ತೀರಿಕೊಂಡರು. 2003ರಲ್ಲಿ ಲಂಡನ್ ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ ಶುಲ್ಕ ಹಾಕಲಾಯಿತು. ರಸ್ತೆಗೆ ಬೆಲೆ ಕಟ್ಟುವ ಅವರ ವಾದದ ಇಂಥ ಫಲ ಯಾವ ಸೈಟೇಶನ್ ಪಟ್ಟಿಗೂ ಸೇರುವುದಿಲ್ಲ.

ಹಾಗಾದರೆ ಅಂಕಿಗಳನ್ನು ಬಿಟ್ಟುಬಿಡಬೇಕೆ? ಬೇಡ, ಸರಿಯಾಗಿ ಓದಬೇಕು. ವಯಸ್ಸಾದಂತೆ ಎಚ್-ಇಂಡೆಕ್ಸ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆದ್ದರಿಂದ ಮೂವತ್ತು ವರ್ಷ ದುಡಿದವರನ್ನು ಐದು ವರ್ಷದವರ ಪಕ್ಕ ಇಟ್ಟು ನೋಡಬೇಡಿ. ವೈದ್ಯಕೀಯದ ಅಂಕಿಗಳ ಜೊತೆ ಹೋಲಿಸಬೇಡಿ. ಅಲ್ಲಿ ಪ್ರಬಂಧಗಳ ಸಂಖ್ಯೆಯೇ ಬಹಳ ಹೆಚ್ಚು. ತಮ್ಮನ್ನು ತಾವೇ ಎಷ್ಟು ಉಲ್ಲೇಖಿಸಿಕೊಂಡಿದ್ದಾರೆ ಎಂಬುದನ್ನೂ ನೋಡಿ.

ಇದೆಲ್ಲ ಎಲ್ಲಿ ಸಿಗುತ್ತದೆ, ಖರ್ಚೆಷ್ಟು? ಗೂಗಲ್ ಸ್ಕಾಲರ್ ಉಚಿತ. ಅದು ಪುಸ್ತಕ, ವರದಿಗಳನ್ನೂ ಸೇರಿಸುವುದರಿಂದ ಅಂಕಿ ಸಾಮಾನ್ಯವಾಗಿ ದೊಡ್ಡದು. ಒಂದೇ ಹೆಸರಿನ ಇಬ್ಬರು ಅಲ್ಲಿ ಕಲಸಿಹೋಗುವುದೂ ಉಂಟು. ಅರ್ಥಶಾಸ್ತ್ರಕ್ಕೆಂದೇ ಇರುವ ರೆಪೆಕ್‌ನ ‘ಐಡಿಯಾಸ್’ ತಾಣವೂ ಉಚಿತ. ಅಲ್ಲಿ ಆರ್4 ಎಂಬ ವಿಷಯ ಸಂಕೇತ ಹುಡುಕಿ. ಅದು ಸಾರಿಗೆ ಅರ್ಥಶಾಸ್ತ್ರದ ಗುರುತು. ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಸೈಟೇಶನ್ ಕೋಶಗಳನ್ನು ಪೂರ್ತಿಯಾಗಿ ಬಳಸಲು ಸಂಸ್ಥೆ ಚಂದಾ ಕಟ್ಟಿರಬೇಕು. ನಿಮ್ಮ ವಿಶ್ವವಿದ್ಯಾಲಯದ ಗ್ರಂಥಪಾಲಕರನ್ನು ಕೇಳಿ. ಪ್ರಬಂಧಗಳನ್ನೇ ಓದಲು ಕೇಂದ್ರ ಸರ್ಕಾರದ ‘ಒಂದು ದೇಶ, ಒಂದು ಚಂದಾ’ ಯೋಜನೆ 2025ರ ಜನವರಿಯಿಂದ ಇದೆ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳು ಕೈಯಿಂದ ಹಣ ಕೊಡಬೇಕಿಲ್ಲ.

ಗೂಗಲ್ ಸ್ಕಾಲರ್‌ನಲ್ಲಿ ಪ್ರಾಧ್ಯಾಪಕರ ಪುಟ ತೆರೆದಾಗ ಮಗಳಿಗೆ ಒಂದು ಕೆಲಸ ಹೇಳಿ. ಅವರ ಹೆಚ್ಚು ಉಲ್ಲೇಖಿತ ಪ್ರಬಂಧದ ಪಕ್ಕದ ಉಲ್ಲೇಖ ಸಂಖ್ಯೆಯನ್ನು ಒತ್ತಿದರೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ಐದು ಪ್ರಬಂಧಗಳನ್ನು ತೆರೆದು, ಯಾವ ಮಾತಿಗಾಗಿ ಉಲ್ಲೇಖಿಸಿದ್ದಾರೆ ಎಂದು ಓದಲಿ. ಆಮೇಲೆ ಪ್ರಾಧ್ಯಾಪಕರಿಗೆ ಪತ್ರ ಬರೆಯಲಿ.