ಅಲಂಕಾರಜ್ಞಾನವೂ ಆಧಾರಪಠನವೂ

ಶಾಲಾತರಗತಿಗಳಲ್ಲಿ ಉಪಮೆ, ರೂಪಕ, ಉತ್ಪ್ರೇಕ್ಷೆ, ಅತಿಶಯೋಕ್ತಿ, ಶ್ಲೇಷೆ ಮೊದಲಾದ ಪರಿಭಾಷೆಗಳನ್ನು ಕಲಿಸುವ ಪದ್ಧತಿಯುಂಟು. ಲಕ್ಷಣವಾಕ್ಯವನ್ನು ಕಂಠಪಾಠ ಮಾಡಿ, ಕೊಟ್ಟ ಪಂಕ್ತಿಯ ಅಲಂಕಾರವನ್ನು ಹೆಸರಿಸಿ, ಸಮನ್ವಯ ಬರೆದರೆ ಆ ಅಭ್ಯಾಸವು ಬಹುಮಟ್ಟಿಗೆ ಮುಗಿದಂತೆ. ಇದು ಭಾಷಾಧ್ಯಾಪಕರಿಗೆ ಮಾತ್ರ ಸಂಬಂಧಿಸಿದುದೆಂದು ಇತಿಹಾಸ ಬೋಧಿಸುವ ನಾವು ಸುಮ್ಮನಿರುವಂತಿಲ್ಲ. ಪ್ರಾಚೀನ ಚರಿತ್ರೆಯ ಆಧಾರಗಳಲ್ಲಿ ಅನೇಕವು ಪ್ರಶಸ್ತಿಕಾವ್ಯಗಳು. ಅಲಂಕಾರವನ್ನು ಬಿಡಿಸಿ ಓದಲಾರದವನಿಗೆ ಅವು ತಮ್ಮ ಸಾಕ್ಷ್ಯವನ್ನು ಕೊಡುವುದಿಲ್ಲ.

‘ರಾಜನು ಸಿಂಹದಂತೆ ಕಾದಿದನು’ ಎಂಬುದು ಉಪಮೆ. ‘ರಾಜನೆಂಬ ಸಿಂಹವು ಕಾದಿತು’ ಎಂಬುದು ರೂಪಕ. ‘ರಾಜನು ಸಿಂಹವೇ ಇಳಿದುಬಂದಿತೋ ಎಂಬಂತೆ ಕಾದಿದನು’ ಎಂಬುದು ಉತ್ಪ್ರೇಕ್ಷೆ. ಮೂರರ ಸೊಗಸು ಬೇರೆಬೇರೆ. ಆದರೆ ರಾಜನು ಯುದ್ಧಮಾಡಿದನೆಂಬ ಒಂದೇ ಸಂಗತಿಯನ್ನು ಮೂರೂ ಹೇಳುತ್ತವೆ. ಈ ವಿವೇಚನೆಯೇ ವಾಚನಶಕ್ತಿಯ ಮೊದಲ ಮೆಟ್ಟಿಲು.

ಐಹೊಳೆಯ ಮೇಗುಟಿ ಜಿನಾಲಯದಲ್ಲಿರುವ ಸಂಸ್ಕೃತ ಶಾಸನವನ್ನು ನೋಡೋಣ. ಶಕವರ್ಷ 556ರ, ಎಂದರೆ ಕ್ರಿ.ಶ. 634-35ರ ಈ ಪ್ರಶಸ್ತಿಯನ್ನು ರಚಿಸಿದವನು ರವಿಕೀರ್ತಿ. ಚಾಲುಕ್ಯ ಇಮ್ಮಡಿ ಪುಲಕೇಶಿಯ ಮದದಾನೆಗಳು ಸೇತುವೆಯಂತೆ ಅಡ್ಡನಿಂತುದರಿಂದ ಕಾವೇರಿಯ ಪ್ರವಾಹವು ತಡೆದು, ಆಕೆಗೆ ಸಮುದ್ರಸಂಗಮ ತಪ್ಪಿತೆಂದು ಕವಿ ವರ್ಣಿಸುತ್ತಾನೆ. ಇದನ್ನು ಯಥಾರ್ಥವೆಂದು ನಂಬುವವನೂ, ಸುಳ್ಳೆಂದು ಪೂರ್ತಿ ತಳ್ಳಿಹಾಕುವವನೂ ಸಮಾನವಾಗಿಯೇ ಎಡವುತ್ತಾರೆ. ಅತಿಶಯೋಕ್ತಿಯನ್ನು ಕಳೆದ ಮೇಲೆ, ಚಾಲುಕ್ಯಸೈನ್ಯವು ಕಾವೇರಿಯವರೆಗೆ ನಡೆಯಿತೆಂಬ ಪ್ರತಿಪಾದನೆ ಉಳಿಯುತ್ತದೆ. ಪರೀಕ್ಷಿಸಬೇಕಾದುದು ಅದನ್ನು.

ಅದೇ ಶಾಸನದಲ್ಲಿ, ಪುಲಕೇಶಿಯಿಂದ ಉಂಟಾದ ಭಯದಲ್ಲಿ ಹರ್ಷನ ಹರ್ಷವೇ ಕರಗಿಹೋಯಿತೆಂಬ ಅರ್ಥದ ಶಬ್ದಚಮತ್ಕಾರವಿದೆ. ಕನೂಜಿನ ದೊರೆಯ ಹೆಸರೇ ಕವಿಗೆ ಈ ಅವಕಾಶವನ್ನು ಒದಗಿಸಿತು. ಚಮತ್ಕಾರವಿದೆಯೆಂಬ ಮಾತ್ರಕ್ಕೆ ಸಂಗತಿಯು ಕಲ್ಪಿತವಾಗದು. ಪುಲಕೇಶಿಯ ಆಶ್ರಿತನಲ್ಲದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗನೂ, ಮಹಾರಾಷ್ಟ್ರದ ಜನರು ಹರ್ಷನಿಗೆ ಅಧೀನರಾಗಲಿಲ್ಲವೆಂದು ಬರೆದಿದ್ದಾನೆ. ಹರ್ಷನ ಮನಸ್ಸಿನ ಭಯಕ್ಕೆ ಇದು ಸಾಕ್ಷಿಯಲ್ಲ. ದಕ್ಷಿಣದಲ್ಲಿ ಅವನ ಪ್ರಯತ್ನವು ಫಲಿಸಲಿಲ್ಲವೆಂಬುದಕ್ಕೆ ಸಾಕ್ಷಿ.

ಕೆಲವೊಮ್ಮೆ ಹೊಗಳಿಕೆಯೇ ಆಧಾರವಾಗುವುದುಂಟು. ಕಾಳಿದಾಸ, ಭಾರವಿಯರ ಕೀರ್ತಿಯನ್ನು ತಾನು ಪಡೆದಿರುವುದಾಗಿ ರವಿಕೀರ್ತಿ ಹೇಳಿಕೊಂಡಿದ್ದಾನೆ. ಈ ಆತ್ಮಪ್ರಶಂಸೆಯನ್ನು ಒಪ್ಪುವುದೂ ಬಿಡುವುದೂ ರಸಿಕರಿಗೆ ಸೇರಿದ ವಿಷಯ. ಆದರೆ 634ರ ವೇಳೆಗೆ ಆ ಇಬ್ಬರು ಕವಿಗಳು ಪ್ರಸಿದ್ಧರಾಗಿದ್ದರೆಂಬುದು ಇದರಿಂದ ಸಿದ್ಧವಾಗುತ್ತದೆ. ಅವರ ಕಾಲನಿರ್ಣಯಕ್ಕೆ ವಿದ್ವಾಂಸರು ಈ ಮಾತನ್ನೇ ಒಂದು ಎಲ್ಲೆಯಾಗಿ ಬಳಸಿಕೊಂಡಿದ್ದಾರೆ. ಉಪಮಾನವಾಗಿ ಬಂದ ಹೆಸರು ಉಪಮೇಯಕ್ಕಿಂತ ಹೆಚ್ಚಿನ ಚರಿತ್ರೆಯನ್ನು ತಿಳಿಸಿತೆನ್ನಬೇಕು.

ಆದಕಾರಣ ಅಲಂಕಾರದ ಪಾಠದಲ್ಲಿ ಮೂರು ಪ್ರಶ್ನೆಗಳನ್ನು ಕೂಡಿಸಬಹುದು: ಇಲ್ಲಿ ಅಲಂಕಾರ ಯಾವುದು? ಅದನ್ನು ತೆಗೆದರೆ ಉಳಿಯುವ ಸಂಗತಿ ಏನು? ಆ ಸಂಗತಿಯನ್ನು ಬೇರೆ ಯಾರು ಹೇಳಿದ್ದಾರೆ? ಮೊದಲನೆಯದನ್ನು ಪರೀಕ್ಷೆಗಳು ಕೇಳುತ್ತವೆ. ಉಳಿದೆರಡನ್ನು ಹನ್ನೆರಡು ವರ್ಷದ ಬಾಲಕಬಾಲಿಕೆಯರೂ ಉತ್ತರಿಸಬಲ್ಲರು. ಊರಿನ ವೀರಗಲ್ಲಿನ ಬರಹವಾಗಲಿ, ಚುನಾವಣೆಯ ಭಾಷಣವಾಗಲಿ ಅಭ್ಯಾಸಕ್ಕೆ ಸಾಕು. ಈ ಅಭ್ಯಾಸವಿಲ್ಲದೆ ಕಾಲೇಜಿಗೆ ಬಂದ ವಿದ್ಯಾರ್ಥಿಗೆ ಶಾಸನಗಳ ಪಟ್ಟಿಯನ್ನು ಎಷ್ಟು ಒಪ್ಪಿಸಿದರೂ ಅವನು ಪ್ರಶಸ್ತಿಯನ್ನು ಚರಿತ್ರೆಯೆಂದೇ ಬರೆಯುವನು. ಅದನ್ನು ತಡೆಯುವ ಕೆಲಸವು ಶಾಲೆಯ ಕನ್ನಡ ಪಾಠದಲ್ಲಿಯೇ ಆರಂಭವಾಗತಕ್ಕದ್ದು.