ಟೀ ಶರ್ಟ್ ವ್ಯಾಪಾರ: ಅಚ್ಚು ಹಾಕುವ ಮೊದಲು ತೊಡುವವರ ಶೋಧ

ಅಂತರ್ಜಾಲದಲ್ಲಿ ಟೀ ಶರ್ಟ್ ಅಂಗಡಿ ತೆರೆಯುವುದು ಇಂದು ಒಂದು ಮಧ್ಯಾಹ್ನದ ಕೆಲಸ. ವಿನ್ಯಾಸವೊಂದನ್ನು ಸಿದ್ಧಪಡಿಸಿ ಜಾಲತಾಣಕ್ಕೆ ಏರಿಸಿದರೆ ಸಾಕು. ಆರ್ಡರ್ ಬಂದ ಮೇಲೆ ತಿರುಪ್ಪೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮುದ್ರಣ ಘಟಕವೇ ಅಂಗಿಗೆ ಅಚ್ಚು ಹಾಕಿ, ಪೊಟ್ಟಣ ಕಟ್ಟಿ, ಗ್ರಾಹಕನ ಮನೆಗೆ ರವಾನಿಸುತ್ತದೆ. ದಾಸ್ತಾನು ಇಡಬೇಕಿಲ್ಲ, ಮಳಿಗೆಗೆ ಬಾಡಿಗೆ ತೆರಬೇಕಿಲ್ಲ. ಹೀಗಾಗಿ ಕಾಲೇಜು ವಿದ್ಯಾರ್ಥಿಗಳಿಂದ ಹಿಡಿದು ಉಪ ಆದಾಯ ಅರಸುವ ತಂತ್ರಾಂಶ ಉದ್ಯೋಗಿಗಳವರೆಗೆ ಅನೇಕರು ಈ ವ್ಯಾಪಾರದತ್ತ ಕಣ್ಣು ಹಾಯಿಸುತ್ತಾರೆ.

ಆದರೆ ಬಂಡವಾಳ ಬೇಡದ ವ್ಯಾಪಾರ ಎಂಬ ಮಾತು ಅರ್ಧ ಸತ್ಯ. ಅಂಗಿಗೆ ಹೋಗದ ಹಣ ಜಾಹೀರಾತಿಗೆ ಹೋಗುತ್ತದೆ. ಯಾರಿಗೆ ಮಾರಬೇಕೆಂಬುದು ಖಚಿತವಿಲ್ಲದವನು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳಲ್ಲಿ ದಿನಕ್ಕೆ ಐನೂರು ರೂಪಾಯಿಯಂತೆ ಸುರಿದರೆ ತಿಂಗಳಿಗೆ 15,000 ರೂಪಾಯಿ ಕರಗುತ್ತದೆ. ಗೋದಾಮಿನಲ್ಲಿ ಕೊಳೆಯುವ ಅಂಗಿಯಾದರೂ ಕಣ್ಣಿಗೆ ಕಾಣುತ್ತದೆ, ಈ ನಷ್ಟ ಕಾಣುವುದೂ ಇಲ್ಲ. ಆದ್ದರಿಂದ ಈ ವ್ಯಾಪಾರದಲ್ಲಿ ವಿನ್ಯಾಸಕ್ಕಿಂತ ಮೊದಲು ಬರಬೇಕಾದ ಕೆಲಸ ಗ್ರಾಹಕ ಸಮುದಾಯದ ಅಧ್ಯಯನ. ಎಲ್ಲರಿಗೂ ಅಲ್ಲ, ಒಂದು ಸಣ್ಣ ಗುಂಪಿಗೆ ಮಾತ್ರ ಬೇಕಾದ ಅಂಗಿ ಯಾವುದು ಎಂಬುದನ್ನು ಕಂಡುಕೊಳ್ಳುವ ಕೆಲಸ.

ಮುಚ್ಚಿದ ಮದ್ಯದಂಗಡಿಯಿಂದ ಹುಟ್ಟಿದ ಕಂಪನಿ

ಇದಕ್ಕೆ ಅಮೆರಿಕದ ಟೀಸ್ಪ್ರಿಂಗ್ ಕಂಪನಿಯ ಹುಟ್ಟು ಒಳ್ಳೆಯ ನಿದರ್ಶನ. 2011ರಲ್ಲಿ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ಬ್ರೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನೆಚ್ಚಿನ ಬಾರ್ ಒಂದು ಮುಚ್ಚಿತು. ಅದರ ನೆನಪಿಗೊಂದು ಟೀ ಶರ್ಟ್ ಮಾಡಿಸಬೇಕೆಂದು ವಾಕರ್ ವಿಲಿಯಮ್ಸ್ ಮತ್ತು ಇವಾನ್ ಸ್ಟೈಟ್ಸ್ ಕ್ಲೇಟನ್ ಎಂಬಿಬ್ಬರು ಹೊರಟರು. ಮುದ್ರಕರಿಗೆ ಮುಂಗಡ ಕೊಡಲು ಹಣವಿರಲಿಲ್ಲ. ಬೇಕಾದವರು ಮೊದಲೇ ಹಣ ಕಟ್ಟಲಿ, ಸಾಕಷ್ಟು ಜನ ಸೇರಿದರೆ ಮಾತ್ರ ಅಚ್ಚು ಹಾಕಿಸೋಣ ಎಂಬ ಷರತ್ತಿನ ಒಂದು ಪುಟವನ್ನು ತರಾತುರಿಯಲ್ಲಿ ಸಿದ್ಧಪಡಿಸಿದರು. ಸುಮಾರು 400 ಅಂಗಿಗಳಿಗೆ ಬೇಡಿಕೆ ಬಂತು. ಅದೇ ಪುಟ ಮುಂದೆ ಕೋಟ್ಯಂತರ ಡಾಲರ್ ಹೂಡಿಕೆ ಆಕರ್ಷಿಸಿದ ಕಂಪನಿಯಾಗಿ ಬೆಳೆಯಿತು. 2021ರಲ್ಲಿ ಸ್ಪ್ರಿಂಗ್ ಎಂದು ಹೆಸರು ಬದಲಿಸಿಕೊಂಡಿತು.

ಈ ಕಥೆಯಲ್ಲಿ ಸಾಮಾನ್ಯವಾಗಿ ಎತ್ತಿ ಹೇಳುವುದು ಮುಂಗಡ ಆರ್ಡರಿನ ಜಾಣತನವನ್ನು. ಅದಕ್ಕಿಂತ ಮುಖ್ಯವಾದದ್ದು ಗ್ರಾಹಕರ ಸ್ವರೂಪ. ಆ ನಾನೂರು ಮಂದಿ ಒಂದೇ ಊರಿನವರು, ಒಂದೇ ಜಾಗದಲ್ಲಿ ಕೂತೆದ್ದವರು, ಒಂದೇ ವಾರ ಒಂದೇ ಕಾರಣಕ್ಕೆ ಬೇಸರಗೊಂಡವರು. ಅಂಗಿಯ ಮೇಲಿನ ಮಾತು ಹೊರಗಿನವನಿಗೆ ಅರ್ಥವಾಗುತ್ತಿರಲಿಲ್ಲ. ಹೊರಗಿನವನಿಗೆ ಅರ್ಥವಾಗದು ಎಂಬುದೇ ಒಳಗಿನವನಿಗೆ ಅದನ್ನು ತೊಡಲು ಕಾರಣ. ಟೀ ಶರ್ಟ್ ಎಂಬುದು ಪುಸ್ತಕದಂತೆ ಮನೆಯೊಳಗೆ ಅನುಭವಿಸುವ ವಸ್ತುವಲ್ಲ. ಎದೆಯ ಮೇಲೆ ಹೊತ್ತು ಬೀದಿಯಲ್ಲಿ ತಿರುಗುವ ಫಲಕ. ಒಂದು ವಿಷಯದಲ್ಲಿ ಆಸಕ್ತಿ ಇರುವವರೆಲ್ಲ ಅದನ್ನು ಸಾರಿಕೊಳ್ಳಲು ಇಚ್ಛಿಸುವುದಿಲ್ಲ. ಮಧುಮೇಹದ ಬಗ್ಗೆ ಅಂತರ್ಜಾಲದಲ್ಲಿ ಹುಡುಕುವವರು ಲಕ್ಷಾಂತರ ಮಂದಿ ಇರಬಹುದು, ಅದರ ಹೆಸರಿನ ಅಂಗಿ ತೊಡುವವರು ಎಷ್ಟು?

ಟೀಸ್ಪ್ರಿಂಗ್‌ನ ಯಶಸ್ಸು ಕಂಡವರು ಬೇಗನೆ ಇದನ್ನೊಂದು ಯಾಂತ್ರಿಕ ಸೂತ್ರವಾಗಿ ಮಾಡಿಕೊಂಡರು. ಉದ್ಯೋಗ, ಹುಟ್ಟಿದ ತಿಂಗಳು, ಮನೆತನದ ಹೆಸರು, ಸಾಕಿದ ನಾಯಿಯ ತಳಿ ಇವುಗಳನ್ನು ಬೆಸೆದು, ಅದೇ ವಿವರವಿರುವ ಫೇಸ್‌ಬುಕ್ ಬಳಕೆದಾರರ ಮುಂದೆ ಜಾಹೀರಾತು ಹಿಡಿಯುವುದು ಆ ಸೂತ್ರ. ಸ್ವಲ್ಪ ಕಾಲ ಅದು ಫಲವನ್ನೂ ಕೊಟ್ಟಿತು. ಯಂತ್ರಕ್ಕೇ ಎಲ್ಲ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2013ರ ಮಾರ್ಚ್‌ನಲ್ಲಿ ಸಾಲಿಡ್ ಗೋಲ್ಡ್ ಬಾಂಬ್ ಎಂಬ ಕಂಪನಿಗೆ ಒದಗಿದ ಗತಿಯೇ ಸಾಕ್ಷಿ. 1939ರ ಬ್ರಿಟಿಷ್ ಯುದ್ಧಕಾಲದ ಪ್ರಸಿದ್ಧ ಘೋಷಣೆ 'ಕೀಪ್ ಕಾಮ್ ಅಂಡ್ ಕ್ಯಾರಿ ಆನ್' ಅನ್ನು ಇಟ್ಟುಕೊಂಡು, ಅದರ ಕೊನೆಯ ಕ್ರಿಯಾಪದವನ್ನು ಗಣಕಯಂತ್ರದ ಪದಪಟ್ಟಿಯಿಂದ ಬದಲಿಸುತ್ತ ಆ ಕಂಪನಿ ಅಸಂಖ್ಯಾತ ಅಂಗಿಗಳನ್ನು ಅಮೆಜಾನ್‌ನಲ್ಲಿ ಪಟ್ಟಿ ಮಾಡಿತ್ತು. ಅವುಗಳಲ್ಲಿ ಅತ್ಯಾಚಾರಕ್ಕೆ ಪ್ರಚೋದಿಸುವ ಘೋಷಣೆಗಳೂ ನುಸುಳಿದ್ದವು. ಜಗತ್ತಿನಾದ್ಯಂತ ಆಕ್ರೋಶ ಎದ್ದಿತು, ಅಮೆಜಾನ್ ಅವನ್ನು ತೆಗೆದುಹಾಕಿತು, ಕಂಪನಿ ಕ್ಷಮೆ ಕೋರಿತು. ಆದರೂ ಅದರ ವಹಿವಾಟು ನೆಲಕಚ್ಚಿತು. ಪಟ್ಟಿಯನ್ನು ಮನುಷ್ಯನೊಬ್ಬ ಓದಿರಲಿಲ್ಲ ಎಂಬುದೇ ಅದರ ಸಮಜಾಯಿಷಿಯಾಗಿತ್ತು.

ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ 2022ರ ಜನವರಿಯಲ್ಲಿ ಆರೋಗ್ಯ, ಧರ್ಮ, ಜನಾಂಗ, ರಾಜಕೀಯ ನಿಲುವು ಮುಂತಾದ ಸೂಕ್ಷ್ಮ ವಿವರಗಳ ಆಧಾರದ ಮೇಲೆ ಜಾಹೀರಾತು ಗುರಿಯಿಡುವ ಅನೇಕ ಆಯ್ಕೆಗಳನ್ನು ಹಿಂತೆಗೆದುಕೊಂಡಿತು. ಬಳಕೆದಾರರ ಆಸಕ್ತಿಗಳನ್ನು ವಿವರವಾಗಿ ಬಿಡಿಸಿ ತೋರಿಸುತ್ತಿದ್ದ ಅದರ ಆಡಿಯನ್ಸ್ ಇನ್‌ಸೈಟ್ಸ್ ಎಂಬ ಸಾಧನ ಅದಕ್ಕೂ ಮೊದಲೇ, 2021ರಲ್ಲಿ ಮುಚ್ಚಿತ್ತು. ಹಳೆಯ ಕೈಪಿಡಿಗಳನ್ನು ನಂಬಿ ಇಂದು ವ್ಯಾಪಾರಕ್ಕಿಳಿಯುವವರು ಇದನ್ನು ಗಮನಿಸುವುದು ಒಳ್ಳೆಯದು.

ಜನಗಣತಿಯ ಸಂಖ್ಯೆ ಮಾರುಕಟ್ಟೆಯಲ್ಲ

ಕರ್ನಾಟಕದ ಮಟ್ಟಿಗೆ ಈ ಶೋಧ ಹೇಗಿರಬಹುದು? ಕನ್ನಡದ ಅಂಗಿ ಎಂದರೆ ಎಲ್ಲರಿಗೂ ನವೆಂಬರ್ ನೆನಪಾಗುತ್ತದೆ. ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಅಂಗಿಗೆ ಬೇಡಿಕೆ ಇರುವುದು ನಿಜ, ಆದರೆ ಅದನ್ನು ಮಾರುವವರೂ ಬೀದಿಗೊಬ್ಬರಂತೆ ಇರುತ್ತಾರೆ, ಡಿಸೆಂಬರ್‌ನಲ್ಲಿ ಕೇಳುವವರು ಕಡಿಮೆ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4.37 ಕೋಟಿ. ಈ ದೊಡ್ಡ ಸಂಖ್ಯೆ ಹೊಸಬನಿಗೆ ಪ್ರಯೋಜನಕ್ಕಿಂತ ಮೋಸವನ್ನೇ ಹೆಚ್ಚು ಮಾಡುತ್ತದೆ. ತುಳು ಭಾಷಿಕರು ಅದೇ ಗಣತಿಯಲ್ಲಿ 18.46 ಲಕ್ಷ. ಇದು ಚಿಕ್ಕದಾಗಿ ಕಂಡರೂ ಇದೂ ಗುಂಪಲ್ಲ, ಜನಸಂಖ್ಯೆ.

ಗುಂಪು ಸಿಗುವುದು ಇನ್ನೂ ಎರಡು ಮೆಟ್ಟಿಲು ಇಳಿದ ಮೇಲೆ. ಯಕ್ಷಗಾನವನ್ನೇ ನೋಡಬಹುದು. ಯಕ್ಷಗಾನಪ್ರಿಯರು ಎಂಬ ಒಂದೇ ವರ್ಗ ಕಾಗದದ ಮೇಲೆ ಮಾತ್ರ ಇದೆ. ನೆಲದ ಮೇಲೆ ತೆಂಕುತಿಟ್ಟಿನವರು ಬೇರೆ, ಬಡಗುತಿಟ್ಟಿನವರು ಬೇರೆ. ಮೇಳಗಳ ಅಭಿಮಾನಿಗಳು ಬೇರೆ, ಭಾಗವತರೊಬ್ಬರ ಹಾಡಿಗಾಗಿ ಊರೂರು ಅಲೆಯುವವರು ಬೇರೆ, ವಾರಾಂತ್ಯದಲ್ಲಿ ಬೆಂಗಳೂರಿನಲ್ಲಿ ಚೆಂಡೆ ಮದ್ದಳೆ ಕಲಿಯುವ ಉದ್ಯೋಗಿಗಳು ಬೇರೆ. ಬಡಗಿನ ಕೇದಗೆ ಮುಂದಲೆಯ ಚಿತ್ರವನ್ನು ಅಚ್ಚು ಹಾಕಿ ತೆಂಕಿನ ಮೇಳದ ಆಟದ ಬಯಲಲ್ಲಿ ಮಾರಲು ನಿಂತವನು ನಗೆಪಾಟಲಾಗುತ್ತಾನೆ. ಯಕ್ಷಗಾನದ ಹೊರಗಿನವರಿಗೆ ಈ ವ್ಯತ್ಯಾಸ ಕಾಣದಿರಬಹುದು. ಕೊಳ್ಳುವವನಿಗೆ ಮಾತ್ರ ಮೊದಲು ಕಾಣುವುದೇ ಅದು.

ಆದ್ದರಿಂದ ಅಧ್ಯಯನದ ಬಹುಭಾಗ ಕೇಳಿಸಿಕೊಳ್ಳುವುದರಲ್ಲಿಯೇ ಇದೆ. ಆ ಗುಂಪಿನವರು ತಮ್ಮತಮ್ಮಲ್ಲಿ ಬಳಸುವ ಪದ ಯಾವುದು, ಯಾವ ಮಾತಿಗೆ ನಗುತ್ತಾರೆ, ಯಾವುದಕ್ಕೆ ಕೆರಳುತ್ತಾರೆ, ಹೊರಗಿನವರು ಸದಾ ತಪ್ಪಾಗಿ ಹೇಳುವುದು ಏನನ್ನು ಎಂಬುದನ್ನು ಟಿಪ್ಪಣಿ ಮಾಡಿಕೊಳ್ಳಬೇಕು. ಯೂಟ್ಯೂಬಿನಲ್ಲಿ ಪ್ರಸಂಗದ ದೃಶ್ಯಗಳ ಕೆಳಗೆ ಬರುವ ನೂರು ಅನಿಸಿಕೆಗಳನ್ನು ಓದಿದರೆ, ಯಾವ ಸಮೀಕ್ಷೆಯೂ ಕೊಡದ ಮಾಹಿತಿ ಸಿಗುತ್ತದೆ. ಗುಂಪಿಗೊಂದು ಪಂಚಾಂಗವೂ ಇರುತ್ತದೆ. ಕರಾವಳಿಯ ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ತಿರುಗಾಟಕ್ಕೆ ಹೊರಟು ಮೇ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಜೂನ್ ತಿಂಗಳಲ್ಲಿ ಜಾಹೀರಾತು ಹಾಕಿ ಬೇಡಿಕೆಯೇ ಇಲ್ಲವೆಂದು ತೀರ್ಮಾನಿಸಿದರೆ ತಪ್ಪು ಗುಂಪಿನದ್ದಲ್ಲ.

ಸಂಖ್ಯೆಗಳ ನೆರವು ಬೇಕೆನ್ನುವವರಿಗೆ ಗೂಗಲ್ ಟ್ರೆಂಡ್ಸ್ ಉಚಿತವಾಗಿ ಲಭ್ಯ. 2004ರಿಂದ ಈಚಿನ ಹುಡುಕಾಟದ ಏರಿಳಿತವನ್ನು ಅದು ರಾಜ್ಯವಾರು ತೋರಿಸುತ್ತದೆ. ಆದರೆ ಅದು ಕೊಡುವ ಸೊನ್ನೆಯಿಂದ ನೂರರವರೆಗಿನ ಅಂಕಿ ಜನರ ಸಂಖ್ಯೆಯಲ್ಲ. ಆಯ್ದ ಅವಧಿಯ ಗರಿಷ್ಠ ಹುಡುಕಾಟವನ್ನು ನೂರು ಎಂದಿಟ್ಟುಕೊಂಡು ಉಳಿದದ್ದನ್ನು ಅಳೆಯುವ ತುಲನೆ ಮಾತ್ರ. ಕನ್ನಡಿಗರ ಹುಡುಕಾಟದಲ್ಲಿ ಇನ್ನೊಂದು ತೊಡಕು. ಒಂದೇ ಪದವನ್ನು ಕೆಲವರು ಕನ್ನಡ ಲಿಪಿಯಲ್ಲಿ, ಹಲವರು ರೋಮನ್ ಲಿಪಿಯಲ್ಲಿ, ಅದರಲ್ಲೂ ನಾಲ್ಕಾರು ಕಾಗುಣಿತಗಳಲ್ಲಿ ಬರೆಯುತ್ತಾರೆ. ಎಲ್ಲವನ್ನೂ ಬೇರೆಬೇರೆಯಾಗಿ ಪರೀಕ್ಷಿಸದ ಹೊರತು ಚಿತ್ರ ಪೂರ್ಣವಾಗದು. ತೀರಾ ಸಣ್ಣ ವಿಷಯಗಳಿಗೆ ಸಾಕಷ್ಟು ದತ್ತಾಂಶವಿಲ್ಲವೆಂಬ ಉತ್ತರ ಬರುವುದೂ ಉಂಟು. ಅದನ್ನು ಬೇಡಿಕೆ ಇಲ್ಲವೆಂದು ಓದಬಾರದು.

ಲೆಕ್ಕ ಹೇಳುವ ಮಾತು

ಇಷ್ಟಾದ ಮೇಲೆ ಪರೀಕ್ಷೆ ಹಣದ್ದು. ಒಂದು ಕಲ್ಪಿತ ಲೆಕ್ಕ ಹೀಗಿದೆ. ಅಂಗಿಯ ಮಾರಾಟ ಬೆಲೆ 499 ರೂಪಾಯಿ. ಶೇ. 5ರ ಜಿಎಸ್‌ಟಿ ಕಳೆದರೆ ಉಳಿಯುವುದು 475. ಅಂಗಿ ಮತ್ತು ಮುದ್ರಣಕ್ಕೆ 240, ಪೊಟ್ಟಣ ಹಾಗೂ ಕೊರಿಯರ್‌ಗೆ 70, ಹಣ ಪಾವತಿ ಶುಲ್ಕ 10 ಹೋದರೆ ಕೈಯಲ್ಲಿರುವುದು 155. ಜಾಹೀರಾತಿನ ಒಂದು ಕ್ಲಿಕ್ಕಿಗೆ 4 ರೂಪಾಯಿ ಎಂದಿಟ್ಟುಕೊಂಡರೆ ನೂರು ಕ್ಲಿಕ್ಕಿಗೆ 400 ರೂಪಾಯಿ. ನೂರರಲ್ಲಿ ಇಬ್ಬರು ಕೊಂಡರೆ ಅಂಗಿಯೊಂದಕ್ಕೆ ಜಾಹೀರಾತು ವೆಚ್ಚ 200, ಅಂದರೆ 45 ರೂಪಾಯಿ ನಷ್ಟ. ನಾಲ್ವರು ಕೊಂಡರೆ 55 ರೂಪಾಯಿ ಲಾಭ. ಇಬ್ಬರನ್ನು ನಾಲ್ವರಾಗಿಸುವುದು ಬಣ್ಣವೂ ಅಲ್ಲ, ರಿಯಾಯಿತಿಯೂ ಅಲ್ಲ. ಸರಿಯಾದ ನೂರು ಜನರ ಮುಂದೆ ಅಂಗಿಯನ್ನು ಹಿಡಿಯುವುದು. ಈ ಲೆಕ್ಕದಲ್ಲಿ ಕ್ಯಾಶ್ ಆನ್ ಡೆಲಿವರಿ ಮೂಲಕ ಹೋಗಿ ವಾಪಸು ಬರುವ ಪೊಟ್ಟಣಗಳನ್ನು ಸೇರಿಸಿಲ್ಲ. ಗ್ರಾಹಕನ ಹೆಸರು ಅಚ್ಚಾದ ಅಂಗಿ ಮರಳಿದರೆ ಅದು ನೆಲ ಒರೆಸಲಷ್ಟೇ ಯೋಗ್ಯ.

ಹೀಗಾಗಿ ಮುಂಗಡ ಆರ್ಡರಿನ ಹಳೆಯ ಉಪಾಯಕ್ಕೆ ಈಗಲೂ ಬೆಲೆಯಿದೆ. ವಿನ್ಯಾಸದ ಚಿತ್ರಕ್ಕೆ ಸಾವಿರ ಮೆಚ್ಚುಗೆ ಬಂದರೂ ಅದು ಮಾರಾಟವಲ್ಲ; 'ಚೆನ್ನಾಗಿದೆ' ಎನ್ನಲು ಕಾಸು ಖರ್ಚಿಲ್ಲ. ನಿಗದಿತ ದಿನದೊಳಗೆ ಐವತ್ತು ಜನ ಹಣ ಕಟ್ಟಿದರೆ ಅಚ್ಚು ಹಾಕುತ್ತೇವೆ, ಇಲ್ಲದಿದ್ದರೆ ಹಣ ವಾಪಸು ಎಂದು ಘೋಷಿಸಿ ನೋಡಿದರೆ ಗುಂಪು ಇದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಐವತ್ತು ದಾಟಿದರೆ ಸ್ಕ್ರೀನ್ ಪ್ರಿಂಟಿಂಗ್ ಲಾಭದಾಯಕವಾಗುವ ಸಾಧ್ಯತೆಯೂ ಹೆಚ್ಚು, ಏಕೆಂದರೆ ಅದರಲ್ಲಿ ಪ್ರತಿ ಬಣ್ಣಕ್ಕೂ ಪ್ರತ್ಯೇಕ ಪರದೆ ಸಿದ್ಧಪಡಿಸುವ ವೆಚ್ಚ ಅಷ್ಟೂ ಅಂಗಿಗಳಿಗೆ ಹಂಚಿಹೋಗುತ್ತದೆ.

ಗ್ರಾಹಕರು ಯಾವ ಊರಲ್ಲಿದ್ದಾರೆ ಎಂಬುದು ತೆರಿಗೆಯನ್ನೂ ಮುಟ್ಟುತ್ತದೆ. ರಾಜ್ಯದೊಳಗೇ ಮಾರುವ ಸಣ್ಣ ವರ್ತಕನಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿಯಿಂದ ವಿನಾಯಿತಿ ಉಂಟು. ಇ-ವಾಣಿಜ್ಯ ತಾಣಗಳ ಮೂಲಕ ರಾಜ್ಯದೊಳಗೆ ಮಾರುವವರಿಗೂ 2023ರ ಅಕ್ಟೋಬರ್‌ನಿಂದ ಷರತ್ತುಬದ್ಧವಾಗಿ ಈ ಅನುಕೂಲ ದೊರೆತಿದೆ. ಆದರೆ ತುಳುವರ ಅಂಗಿಯನ್ನು ಮುಂಬಯಿಯ ತುಳುವರಿಗೆ ಮಾರುವುದೆಂದರೆ ಅದು ಅಂತರರಾಜ್ಯ ವ್ಯವಹಾರ. ಮೊದಲ ಅಂಗಿಯಿಂದಲೇ ನೋಂದಣಿ ಬೇಕು.

ಒತ್ತಕ್ಷರದ ಗಂಡಾಂತರವನ್ನು ಇಲ್ಲಿ ಹೇಳಲೇಬೇಕು. ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ದಕ್ಷಿಣ ಏಷ್ಯಾ ಲಿಪಿಗಳಿಗೆ ಮೀಸಲಾದ ಆಯ್ಕೆಯನ್ನು ಚಾಲನೆಗೊಳಿಸದಿದ್ದರೆ 'ಯಕ್ಷಗಾನ' ಎಂಬುದು 'ಯಕ್‌ಷಗಾನ' ಎಂದು ಒಡೆದು ಮೂಡುತ್ತದೆ. ಕನ್ನಡ ಓದಲು ಬಾರದ ಘಟಕದಲ್ಲಿ ಅಚ್ಚಾಗುವಾಗ ಅದನ್ನು ತಡೆಯುವವರು ಯಾರೂ ಇರುವುದಿಲ್ಲ. ಅಕ್ಷರಗಳನ್ನು ಚಿತ್ರರೂಪಕ್ಕೆ ಪರಿವರ್ತಿಸಿಯೇ ಕಡತ ಕಳುಹಿಸಬೇಕು. ಭಾಷೆಯ ಮೇಲಿನ ಪ್ರೀತಿಗೆಂದೇ ಕೊಳ್ಳುವವನಿಗೆ ಕಾಗುಣಿತ ತಪ್ಪಿದ ಅಂಗಿ ಕೊಟ್ಟರೆ ಆ ಗುಂಪಿನ ಬಾಗಿಲು ಮತ್ತೆ ತೆರೆಯುವುದು ಕಷ್ಟ.

ಕೊನೆಯದಾಗಿ ಹಕ್ಕುಗಳ ವಿಚಾರ. ಗುಂಪೊಂದು ಪ್ರೀತಿಸುವ ವಸ್ತುವಿಗೆ ಬಹುತೇಕ ಯಾರೋ ಒಬ್ಬ ಒಡೆಯನಿರುತ್ತಾನೆ. ಕ್ರಿಕೆಟ್ ತಂಡದ ಲಾಂಛನಕ್ಕೆ ವ್ಯಾಪಾರ ಮುದ್ರೆಯ ರಕ್ಷಣೆಯಿದೆ. ಉಡುಪುಗಳು ಅದರಲ್ಲಿ 25ನೇ ವರ್ಗಕ್ಕೆ ಸೇರುತ್ತವೆ, ನೋಂದಾಯಿತ ಮುದ್ರೆಗಳನ್ನು ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ನಟರ ಮುಖ, ಹೆಸರು, ಧ್ವನಿಯ ಅನಧಿಕೃತ ಬಳಕೆಯ ವಿರುದ್ಧ 2015ರಲ್ಲಿ ರಜನಿಕಾಂತ್ ಮದ್ರಾಸ್ ಹೈಕೋರ್ಟಿನಿಂದಲೂ, 2023ರಲ್ಲಿ ಅನಿಲ್ ಕಪೂರ್ ದೆಹಲಿ ಹೈಕೋರ್ಟಿನಿಂದಲೂ ಆದೇಶ ಪಡೆದಿದ್ದಾರೆ. ಕವಿತೆಯ ಸಾಲುಗಳಿಗೆ ಮಾರುಹೋಗುವವರೂ ಎಚ್ಚರ ವಹಿಸಬೇಕು. ಭಾರತದ ಕಾನೂನಿನಂತೆ ಕೃತಿಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ ಉಳಿಯುತ್ತದೆ. 1975ರಲ್ಲಿ ನಿಧನರಾದ ಡಿ.ವಿ.ಜಿ. ಅವರ ಕೃತಿಗಳಿಗೆ 2035ರ ಅಂತ್ಯದವರೆಗೆ, 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳಿಗೆ 2041ರವರೆಗೆ, 1994ರಲ್ಲಿ ಅಗಲಿದ ಕುವೆಂಪು ಅವರ ಕೃತಿಗಳಿಗೆ 2054ರವರೆಗೆ ಹಕ್ಕುದಾರರಿದ್ದಾರೆ. ಅನುಮತಿ ಪಡೆಯದೆ ಅಚ್ಚು ಹಾಕುವಂತಿಲ್ಲ. ಹನ್ನೆರಡನೆಯ ಶತಮಾನದ ವಚನಗಳಿಗೆ ಈ ತೊಡಕಿಲ್ಲ, ಜನಪದ ಗಾದೆಗಳಿಗೂ ಇಲ್ಲ. ಆದರೆ ಈಗಿನ ಕಲಾವಿದನೊಬ್ಬ ಅವನ್ನು ಬರೆದ ಅಕ್ಷರಚಿತ್ರ ಆ ಕಲಾವಿದನದ್ದೇ.